ಉರುಫ್ ಬೇಡ ಎಂದವಳು

ಚಿಕ್ಕಮ್ಮನ ಕೊರಳಲ್ಲಿ ಅವಳದೇ ಮುಖ ನೇತಾಡುತ್ತಿತ್ತು. ಹೆಬ್ಬೆರಳ ಉಗುರಿನಷ್ಟು ಬೆಳ್ಳಿ ತಗಡು, ಅದರ ಮೇಲೆ ಕೊರೆದ ಹೆಣ್ಣುಮುಖ. ಅಗಲ ಹಣೆ, ಎಡಕ್ಕೆ ಚುಕ್ಕಿಯಂಥ ಮೂಗುತಿ, ಒಂಚೂರು ಮುಂದೆ ಬಂದ ಕೆಳತುಟಿ. ಹೊಲಿಗೆ ಮೆಷಿನ್ ತುಳಿಯುತ್ತ ಬಾಗಿದಾಗ ಅದು ಸೂಜಿಯ ಹತ್ತಿರಕ್ಕೆ ಜೋತುಬೀಳುತ್ತಿತ್ತು. ಆಗ ಅವಳು ನೊಣ ಓಡಿಸುವವಳಂತೆ ಅದನ್ನು ಹಿಡಿದು ಬೆನ್ನ ಹಿಂದೆ ಎಸೆದುಕೊಳ್ಳುತ್ತಿದ್ದಳು. ಕೆಳಗಿನ ಮುಖವನ್ನೂ ಮೇಲಿನ ಮುಖವನ್ನೂ ನೋಡಿ ನೋಡಿ, ಮದುವೆಯಾದ ಹೆಂಗಸರೆಲ್ಲ ತಮ್ಮ ಮುಖವನ್ನು ಹೀಗೆ ಕಟ್ಟಿಕೊಳ್ಳುತ್ತಾರೆ ಎಂದೇ ನಾನು ತಿಳಿದಿದ್ದೆ.

ಅದು ಸವತಿ ಪದಕ. ಮೊದಲ ಹೆಂಡತಿ ತೀರಿಕೊಂಡ ಮನೆಗೆ ಎರಡನೆಯವಳಾಗಿ ಬಂದವಳು ಸತ್ತವಳ ಮುಖ ಕೊರೆಸಿ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಸತ್ತವಳು ಬಂದು ಕಾಡುತ್ತಾಳೆ ಎಂಬ ನಂಬಿಕೆ. ಚಿಕ್ಕಮ್ಮನ ವಿಷಯದಲ್ಲಿ ಆ ಸತ್ತವಳು ಅವಳ ಅಕ್ಕ, ಒಂದೇ ಬಸಿರಲ್ಲಿ ಅವಳಿಗಿಂತ ಸ್ವಲ್ಪ ಹೊತ್ತು ಮೊದಲು ಹುಟ್ಟಿದವಳು. ಪದಕ ಮಾಡಿಸಲು ಹೋದಾಗ ಅಕ್ಕಸಾಲಿಗ ಫೋಟೋ ಕೇಳಿದನಂತೆ. ಅಕ್ಕನದಿದ್ದದ್ದು ಒಂದೇ ಫೋಟೋ, ಮದುವೆಯದು, ಅದರಲ್ಲಿ ಬಾಸಿಂಗದ ಕೆಳಗೆ ಮುಖವೇ ಕಾಣುತ್ತಿರಲಿಲ್ಲ. ‘ಫೋಟೋ ಯಾಕ್ರಿ, ಈಕಿನ್ನೇ ಕೂಡ್ಸಿರಿ, ನೋಡಿ ಕೊರೀತೀನಿ’ ಎಂದನಂತೆ ಆ ಮಹಾನುಭಾವ. ಸತ್ತವಳ ಮುಖ ಕೊರೆಯಲು ಬದುಕಿದ್ದವಳನ್ನು ಮಣೆಯ ಮೇಲೆ ಕೂಡಿಸಿದರು. ಅವಳು ಅಲ್ಲಾಡದೆ ಕೂತಿದ್ದಳು. ಆಗ ಅವಳಿಗೆ ಹತ್ತೊಂಬತ್ತು ವರ್ಷ.

ನಾವು ದಾವಣಗೆರೆಯ ಹಳೇ ಊರಿನಲ್ಲಿ ಗೋಡೆಗೆ ಗೋಡೆ ಹೊಂದಿಕೊಂಡ ಮನೆಯವರು. ಹರಿಹರದ ಆ ಅವಳಿಗಳಲ್ಲಿ ದೊಡ್ಡವಳನ್ನು ಪಕ್ಕದ ಮನೆಯ ಗಿರಣಿ ಕೆಲಸದವರಿಗೆ ಕೊಟ್ಟಿದ್ದರು. ಹೆರಿಗೆಗೆ ತವರಿಗೆ ಹೋದವಳು ಗಂಡು ಮಗು ಹೆತ್ತು ಎಂಟನೇ ದಿನಕ್ಕೆ ತೀರಿಕೊಂಡಳು. ತಿಂಗಳು ತುಂಬುವುದರೊಳಗೆ ಅವರಪ್ಪ ಚಿಕ್ಕವಳನ್ನು ಕರೆತಂದು ಅದೇ ಮನೆಯಲ್ಲಿ ಬಿಟ್ಟರು. ಮನೆಯೊಳಗೇ ತಾಳಿ ಕಟ್ಟಿಸಿದರು. ಇಲ್ಲಿಯವರೆಗೂ ಊರಿನಲ್ಲಿ ನಡೆಯದ ಸಂಗತಿಯೇನಲ್ಲ, ಕೂಸಿಗೊಂದು ಆಸರೆ ಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಮೈ ಉರಿಯುವುದು ಮುಂದಿನದಕ್ಕೆ. ಅತ್ತೆಯೆಂಬಾಕೆ ಹೊಸಿಲಲ್ಲಿ ನಿಂತು, ‘ಅದೇ ಮುಖ, ಅದೇ ಧ್ವನಿ. ಬ್ಯಾರೆ ಹೆಸರು ಯಾಕ? ನಮ್ಮ ಸೊಸಿ ತವರಿಗೆ ಹೋಗಿದ್ಲು, ಬಂದ್ಲು’ ಎಂದರಂತೆ. ಅವತ್ತಿನಿಂದ ಚಿಕ್ಕಮ್ಮನನ್ನು ಅಕ್ಕನ ಹೆಸರಿನಿಂದಲೇ ಕರೆದರು. ರೇಷನ್ ಕಾರ್ಡಿನಲ್ಲಿ ಅಕ್ಕನ ಹೆಸರು ಹಾಗೇ ಉಳಿಯಿತು. ಆಮೇಲೆ ಬಂದ ವೋಟಿನ ಚೀಟಿಗೂ ಆಧಾರ್‌ಗೂ ಅದೇ ಹೋಯಿತು. ಅಕ್ಕ ಸತ್ತದ್ದನ್ನು ಯಾವ ಕಚೇರಿಯಲ್ಲೂ ಬರೆಸಲಿಲ್ಲ.

ಜನರಿಗೆ ಹೇಳುವಾಗ ಇವಳೇ ಅವಳು. ದೆವ್ವದ ಭಯ ಬಂದಾಗ ಮಾತ್ರ ಇವಳು ಬೇರೆ, ಅವಳು ಬೇರೆ, ಕೊರಳಿಗೊಂದು ಪದಕ. ಈ ಎರಡು ನಾಲಿಗೆಯ ಲೆಕ್ಕಾಚಾರವನ್ನು ಆ ಮನೆಯಲ್ಲಾಗಲಿ, ಹರಿಹರದ ತವರಿನಲ್ಲಾಗಲಿ, ನಮ್ಮ ಓಣಿಯಲ್ಲಾಗಲಿ ಒಬ್ಬರೂ ಕೇಳಲಿಲ್ಲ. ನಮ್ಮವ್ವನೂ ಕೇಳಲಿಲ್ಲ. ‘ಪಾಪ, ಹೊಂದ್ಕೊಂಡು ಹೋಗ್ತಾಳೆ’ ಎಂದು ಅವಳಿಗೆ ಸರ್ಟಿಫಿಕೇಟು ಬೇರೆ ಕೊಡುತ್ತಿದ್ದರು.

ಅಕ್ಕನಿಗೆ ಹೋಳಿಗೆ ಎಂದರೆ ಪ್ರಾಣವಂತೆ. ಚಿಕ್ಕಮ್ಮನಿಗೆ ಸಿಹಿ ಕಂಡರಾಗದು. ಹಬ್ಬ ಬಂತೆಂದರೆ ಅತ್ತೆ, ‘ನಿಂಗೆ ಭಾಳ ಸೇರುತ್ತಲ್ಲ’ ಎನ್ನುತ್ತ ಎರಡು ಹೋಳಿಗೆ ಹೆಚ್ಚು ಹಾಕುತ್ತಿದ್ದರು. ಅದು ಪ್ರೀತಿಯೇ, ನಾನು ಅಲ್ಲವೆನ್ನುವುದಿಲ್ಲ. ಆದರೆ ಯಾರ ಮೇಲಿನ ಪ್ರೀತಿ? ಚಿಕ್ಕಮ್ಮ ತಲೆ ತಗ್ಗಿಸಿ ಔಷಧಿ ನುಂಗಿದ ಹಾಗೆ ನುಂಗಿ, ನಮ್ಮ ಮನೆಗೆ ಬಂದು ಒಂದು ಹಸಿಮೆಣಸಿನಕಾಯಿ ಉಪ್ಪಿಗೆ ಅದ್ದಿ ಕಡಿಯುತ್ತಿದ್ದಳು. ಅತ್ತೆ ತೀರಿಕೊಂಡ ವರ್ಷದ ಯುಗಾದಿಗೆ ಅವಳು ಮನೆಯಲ್ಲಿ ಮಾಡಿದ್ದು ಮಂಡಕ್ಕಿ, ಮಿರ್ಚಿ. ಓಣಿಯ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ನನಗೆ ಮಾತ್ರ ಅಂಥ ರುಚಿಯ ಯುಗಾದಿ ಮತ್ತೆ ಸಿಕ್ಕಿಲ್ಲ.

ನಾನು ಅವಳನ್ನು ಚಿಕ್ಕಮ್ಮ ಎಂದು ಕರೆಯಲು ಶುರುಮಾಡಿದ್ದು ಅವಳೇ ಹೇಳಿದ್ದರಿಂದ. ಅವರ ಮನೆಯ ಮಗ ಅವಳನ್ನು ಅವ್ವಾ ಎನ್ನುತ್ತಿದ್ದ, ಅದರಲ್ಲಿ ತಪ್ಪೇನು. ಒಂದು ದಿನ ಅವಳು ನನ್ನ ಜಡೆಗೆ ರಿಬ್ಬನ್ ಕಟ್ಟುತ್ತ, ‘ನನ್ನ ಚಿಕ್ಕಮ್ಮ ಅನ್ನಬೇಕಾದ ಕೂಸು ಇರೋದೊಂದು, ಅದು ಅವ್ವ ಅಂತೈತೆ. ನೀನಾದ್ರೂ ಅನ್ನು’ ಎಂದಳು. ಬೇರೆಯವರ ಮುಂದೆ ಹಾಗೆ ಕರೆದಾಗಲೆಲ್ಲ ಅವಳು ತಿರುಗಿ ನೋಡುವ ರೀತಿಯೇ ಬೇರೆ ಇರುತ್ತಿತ್ತು.

ಅವಳ ಹೊಲಿಗೆಗೆ ವಿದ್ಯಾನಗರದ ಹಾಸ್ಟೆಲ್ ಹುಡುಗಿಯರೂ ಸ್ಕೂಟರಿನಲ್ಲಿ ಬರುತ್ತಿದ್ದರು. ಎಲ್ಲರೂ ತರುವುದು ಅಳತೆ ಬ್ಲೌಸು. ‘ಇದ್ರಂಗೇ ಹೊಲೀರಿ ಆಂಟಿ’ ಎಂದು ಹಳೆಯದೊಂದನ್ನು ಮುಂದೆ ಚಾಚುತ್ತಿದ್ದರು. ಚಿಕ್ಕಮ್ಮ ಅದನ್ನು ಮುಟ್ಟುತ್ತಲೂ ಇರಲಿಲ್ಲ. ‘ಅದು ಹೋದ ವರ್ಷದಾಕಿ ಬ್ಲೌಸು. ಕೈ ಎತ್ತು, ಈಗಿನಾಕೀದು ತಗೋತೀನಿ’ ಎಂದು ಟೇಪು ಹಿಡಿದು ನಿಂತುಬಿಡುತ್ತಿದ್ದಳು. ಬಿಗಿಯಾಗಿ ಹಿಡಿದರೂ ಕಚಗುಳಿಯಾಗುತ್ತಿತ್ತು. ನಕ್ಕರೆ ಅಳತೆ ತಪ್ಪುತ್ತದೆಂದು ಬೈಯುತ್ತಿದ್ದಳು. ಪ್ರತಿಸಲ ಹೊಸದಾಗಿ, ಪ್ರತಿಯೊಬ್ಬರನ್ನೂ. ಅವಸರದ ಗಿರಾಕಿಗಳು ಸಿಡಿಮಿಡಿಗೊಂಡು ಬೇರೆ ಕಡೆ ಹೋದರೆ, ‘ಹೋಗ್ಲಿ ಬಿಡು’ ಎನ್ನುತ್ತಿದ್ದಳು.

ಒಮ್ಮೆ ನಾನು ಕೇಳಿದೆ, ‘ಅಕ್ಕನ ಬ್ಲೌಸು ನಿನಗೆ ಆಗ್ತಿದ್ವಾ ಚಿಕ್ಕಮ್ಮ?’ ಅವಳು ಮೆಷಿನ್ ನಿಲ್ಲಿಸಿದಳು. ‘ಒಂದು ಹೊಲಿಗಿ ಬಿಚ್ಚಬೇಕಾಗಿರ್ಲಿಲ್ಲ ಕಣೇ. ತೋಳು, ಎದಿ, ಬೆನ್ನು, ಎಲ್ಲಾ ಸರೀಗಾದ್ವು. ಎಲ್ಲಾರ ಒಂದು ಕಡೆ ಬಿಗಿ ಆಗಿದ್ರೆ, ಸಡ್ಲ ಆಗಿದ್ರೆ, ನೋಡ್ರಿ ನಾ ಬ್ಯಾರೆ ಅಂತಿದ್ದೆ. ಆಗ್ಲೇ ಇಲ್ಲ’ ಎಂದಳು. ದಾರ ಕತ್ತರಿಸಿ, ‘ಆಗ್ಲಿಲ್ಲ ಅಂದ್ರೇನು? ಒಂದು ಕೂದ್ಲೆಳಿ ವ್ಯತ್ಯಾಸ ಇಲ್ದಿದ್ರೂ ನಾ ನಾನೇ. ಅಕ್ಕ ಅಕ್ಕನೇ’ ಎಂದು ಮತ್ತೆ ಮೆಷಿನ್ ತುಳಿದಳು. ಆ ಬ್ಲೌಸುಗಳನ್ನು ಹರಿಯುವವರೆಗೂ ತೊಟ್ಟಿದ್ದಳು, ಅತ್ತೆ ಹೊಸದು ಹೊಲಿದುಕೊಳ್ಳಲು ಬಿಟ್ಟಿರಲಿಲ್ಲ.

ಅವಳಿಂದ ನನಗಾದ ಉಪಕಾರ ಒಂದನ್ನು ಹೇಳಲೇಬೇಕು. ನಾನು ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರುವ ವರ್ಷ, ಶಾಲೆಯ ಗುಮಾಸ್ತ ನನ್ನ ಅರ್ಜಿಯಲ್ಲಿ ನನ್ನ ಸ್ವಂತ ಅಕ್ಕನ ಹೆಸರು ಬರೆದುಬಿಟ್ಟಿದ್ದ. ಅವಳು ಹಿಂದಿನ ವರ್ಷ ಶಾಲೆ ಬಿಟ್ಟಿದ್ದಳು. ತಿದ್ದಿಸಲು ಹೋದರೆ ಗುಮಾಸ್ತ ಗದರಿಸಿ ಕಳಿಸಿದ. ನಮ್ಮಪ್ಪ, ‘ಯಾರ ಹೆಸರಾದ್ರೇನು, ಪಾಸಾದ್ರೆ ಸಾಕು’ ಎಂದು ಕೈ ತೊಳೆದುಕೊಂಡರು. ಚಿಕ್ಕಮ್ಮನ ಕಿವಿಗೆ ಬಿದ್ದಿದ್ದೇ ತಡ, ಅರ್ಧ ಹೊಲಿದ ಬಟ್ಟೆಯನ್ನು ಮೆಷಿನ್ನಿನಲ್ಲೇ ಬಿಟ್ಟು, ನನ್ನ ಕೈ ಹಿಡಿದು ಶಾಲೆಗೆ ಎಳೆದುಕೊಂಡು ಹೋದಳು. ಯಾವತ್ತೂ ದನಿಯೆತ್ತದವಳು ಗುಮಾಸ್ತನ ಮೇಜಿನ ಮುಂದೆ ನಿಂತು, ‘ಇವತ್ತು ನೀವು ಬರ್ದಿದ್ದು ಈಕಿ ಸಾಯೋತನಕ ಬೆನ್ನು ಬಿಡಂಗಿಲ್ರಿ. ತಿದ್ದೋತನಕ ನಾ ಹೋಗಂಗಿಲ್ಲ’ ಎಂದಳು. ಮಧ್ಯಾಹ್ನದ ಗಂಟೆ ಹೊಡೆದು ಮಕ್ಕಳೆಲ್ಲ ಉಂಡು ಬಂದರೂ ಅಲ್ಲೇ ನಿಂತಿದ್ದಳು. ಕೊನೆಗೆ ಅವನು ತಿದ್ದಿದ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿದೆ. ತನಗೆ ಬೇಡಲಾಗದ್ದನ್ನು ಅವಳು ನನಗೆ ಕೊಡಿಸಿದಳೆಂದು ತಿಳಿಯುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ. ನಾನು ಕೋರ್ಟಿನ ಎದುರು ಕೂತು ಅಫಿಡವಿಟ್ಟು, ಅರ್ಜಿ ಟೈಪ್ ಮಾಡುವವಳು. ಮೊದಲು ಟೈಪಿಂಗ್ ಮೆಷಿನ್ ಇತ್ತು, ಈಗ ಕಂಪ್ಯೂಟರ್. ದಿನಕ್ಕೆ ಹತ್ತು ಜನ ಒಂದೇ ತಾಪತ್ರಯ ಹೊತ್ತು ಬರುತ್ತಾರೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಎರಡು ಹೆಸರುಗಳ ನಡುವೆ ‘ಉರುಫ್’ ಎಂದು ಹಾಕಿ, ‘ಸದರಿ ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಆಗಿರುತ್ತಾರೆ’ ಎಂದು ಹೊಡೆದು ಕೊಡುತ್ತೇನೆ. ಕಣ್ಣು ಮುಚ್ಚಿಕೊಂಡು ಹೊಡೆಯಬಲ್ಲೆ.

ಕೆಲವು ವರ್ಷಗಳ ಹಿಂದೆ ಚಿಕ್ಕಮ್ಮನ ತಮ್ಮ ಹರಿಹರದಿಂದ ಫೋನ್ ಮಾಡಿದ. ಕೊಂಡಜ್ಜಿಯಲ್ಲಿ ಅವರಪ್ಪನ ಜಮೀನಿತ್ತು. ಅದನ್ನು ಮಾರಬೇಕು, ಆದರೆ ಹಳೇ ಪತ್ರದಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರೂ ಇದೆ. ದೊಡ್ಡವಳು ಸತ್ತದ್ದಕ್ಕೆ ಕಾಗದವಿಲ್ಲ, ಚಿಕ್ಕವಳು ಬದುಕಿರುವುದಕ್ಕೆ ಕಾಗದವಿಲ್ಲ. ವಂಶವೃಕ್ಷದಲ್ಲಿ ಒಬ್ಬಳೇ ಮಗಳು ಎಂದು ತೋರಿಸಿಬಿಟ್ಟರೆ ಸುಲಭ. ‘ಒಂದು ಉರುಫ್ ಹಾಕಿ ರೆಡಿ ಮಾಡಿಡವ್ವ, ಅಕ್ಕನ್ನ ಕರ್ಕಂಡು ಬರ್ತೀನಿ’ ಎಂದ. ನಾನು ಇಪ್ಪತ್ತು ಕೆಲಸಗಳ ನಡುವೆ ಅದನ್ನೂ ಹೊಡೆದಿಟ್ಟೆ. ಯಾರದು, ಏನು ಎಂದು ಗೊತ್ತಿದ್ದೂ ಹೊಡೆದೆ. ಬೆರಳಿಗೆ ಅಭ್ಯಾಸವಾಗಿತ್ತು ಎಂದು ಹೇಳಿಕೊಳ್ಳಬಹುದು. ನಾಚಿಕೆಗೇಡಿನ ಮಾತು ಅದು.

ಅವತ್ತು ತಮ್ಮನೂ ಸಾಕಿದ ಮಗನೂ ಅವಳನ್ನು ಕರೆದುಕೊಂಡು ಬಂದರು. ನೋಟರಿ ವಕೀಲರು ಸಹಿ ಹಾಕುವ ಜಾಗ ತೋರಿಸಿದರು. ಚಿಕ್ಕಮ್ಮ ಐದನೇ ಕ್ಲಾಸಿನವರೆಗೆ ಓದಿದವಳು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನ ಓದಿದಳು. ಉರುಫ್ ಬಂದಲ್ಲಿ ಬೆರಳು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿ ಕೇಳಿದಳು, ‘ಇದನ್ನ ಹೊಡ್ದಾಕಿ ನೀನೇನಾ?’

ನಾನು ತಲೆಯಾಡಿಸಿ, ಕೀಬೋರ್ಡಿನಿಂದ ಕೈ ತೆಗೆದೆ.

‘ಬರೀ ಫಾರ್ಮಾಲಿಟಿರಿ ಅಮ್ಮಾ ಇದು’ ಎಂದರು ವಕೀಲರು. ‘ಮುಖ ಒಂದೇ, ಮನಿ ಒಂದೇ, ಕರೆಯೋ ಹೆಸ್ರೂ ಒಂದೇ. ನಿಮ್ಗೇನು ತೊಂದ್ರೆ?’

‘ವಕೀಲ್ರೇ, ನಿಮ್ಮಂಥೋನೇ ಇನ್ನೊಬ್ಬ ಅದಾನೆ ಅನ್ಕೊಳ್ರಿ. ಇದೇ ಮೀಸಿ, ಇದೇ ಕನ್ನಡ್ಕ. ನೀವು ಸತ್ತ ಮರುದಿನ ಅವ್ನು ಬಂದು ನಿಮ್ಮ ಮನ್ಯಾಗ ನಿಮ್ಮ ತಾಟಿನಾಗ ಉಣ್ಣಾಕೆ ಕುಂತ. ನಿಮ್ಮ ಮನಿಯೋರು, ಸಾಹೇಬ್ರು ಬಂದ್ರು ಬಿಡು, ಇನ್ಯಾಕೆ ಅಳಬೇಕು ಅಂದ್ರು. ನಿಮ್ಗೆ ಒಪ್ಗಿ ಏನ್ರಿ?’

ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ತಮ್ಮ ಹಲ್ಲು ಕಡಿಯುತ್ತ, ‘ಒಂದು ಸಹಿ ಅಕ್ಕಾ, ಇಷ್ಟಕ್ಕೆ ರಾಮಾಯಣ ಮಾಡ್ತೀಯಲ್ಲ’ ಎಂದ.

‘ಆಕಿಗೆ ಯಾರು ಅತ್ರೋ?’ ಎಂದು ಚಿಕ್ಕಮ್ಮ ಅವನ ಕಡೆ ತಿರುಗಿದಳು. ನಾನು ಅವಳ ಅಂಥ ದನಿ ಕೇಳಿದ್ದು ಎರಡನೇ ಸಲ. ‘ಹೇಳು. ನೀನು ಅತ್ತೇನು? ಅಪ್ಪ ಅತ್ನೇನು? ಈಕಿ ಇದಾಳಲ್ಲ ಅಂತ ಎಲ್ರೂ ಸುಮ್ಕಾದ್ರಿ. ಆಕಿ ಸತ್ಲು, ಸತ್ಲು ಅಂತ ಯಾರೂ ಬರೀಲಿಲ್ಲ. ನಾ ಬದ್ಕೀನಿ, ಬದ್ಕಾಳೆ ಅಂತ ಯಾರೂ ಬರೀಲಿಲ್ಲ. ಇಬ್ಬರನ್ನೂ ಕೂಡ್ಸಿ ನುಂಗಿದ್ರಿ. ಮೊದ್ಲು ಆಕಿ ಸತ್ತಾಳೆ ಅಂತ ಬರಸು, ಆಮ್ಯಾಲೆ ನನ್ನ ಹೆಸರಿನಾಗ ನೀ ಎಲ್ಲಿ ಅಂದ್ರೆ ಅಲ್ಲಿ ಸಹಿ ಹಾಕ್ತೀನಿ. ಜಮೀನು ಬ್ಯಾಡ ನಂಗೆ. ಉರುಫ್ ಬ್ಯಾಡ.’

ಮಗ ಕಣ್ಣಲ್ಲಿ ನೀರು ತಂದುಕೊಂಡು, ‘ಅವ್ವಾ, ನಂಗೆ ನೀನೇ ಅಲ್ಲೇನು ಅವ್ವ?’ ಎಂದ. ಅವಳು ಅವನ ತಲೆ ಸವರಿ, ‘ನಾ ನಿನ್ನ ಅವ್ವ ಹೌದಪ್ಪ. ಹೆತ್ತಾಕಿ ನಾನಲ್ಲ. ಆಕೀನ್ನ ಒರಸಬ್ಯಾಡ’ ಎಂದಳು. ಕಾಗದವನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟು, ಒಬ್ಬಳೇ ನಡೆದು ಹೋದಳು.

ಎರಡು ವಾರ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೂರನೇ ವಾರ ಒಂದು ಬ್ಲೌಸ್ ಪೀಸ್ ಹಿಡಿದು ಹೋಗಿ ಸುಮ್ಮನೆ ನಿಂತೆ. ಅವಳು ಟೇಪು ತೆಗೆದು, ‘ಕೈ ಎತ್ತು’ ಎಂದಳು. ಕ್ಷಮಿಸಿದಳೆಂದು ಅದರಿಂದಲೇ ತಿಳಿದುಕೊಂಡೆ. ಆಮೇಲೆ ಅವಳು ಪ್ರತಿವರ್ಷ ಒಬ್ಬಳೇ ಹೋಗುತ್ತಿದ್ದ ಕಡೆಗೆ ನನ್ನನ್ನೂ ಕರೆದೊಯ್ದಳು. ಹರಿಹರದಲ್ಲಿ ಬಸ್ಸಿಳಿದು ಹೊಳೆಯ ಕಡೆ ನಡೆದರೆ ಅವರ ಜನರನ್ನು ಮಣ್ಣು ಮಾಡುವ ಜಾಗವಿದೆ. ಹೆಸರಿಲ್ಲದ ಒಂದು ಮಣ್ಣಿನ ಗುಡ್ಡೆಗೆ ನೀರು ಚಿಮುಕಿಸಿ, ಮನೆಯಿಂದ ತಂದ ಹೋಳಿಗೆ ಇಟ್ಟಳು. ‘ತಿನ್ನು, ನಿನ್ನ ಪಾಲಿಂದೂ ನಾನೇ ತಿಂದು ತಿಂದು ಸಾಕಾಗೈತೆ’ ಎಂದು ಅಕ್ಕನಿಗೆ ಹೇಳಿ ನಕ್ಕಳು. ನಗುತ್ತಲೇ ಅತ್ತಳು.

ಅಕ್ಕನ ಮರಣ ದಾಖಲು ಮಾಡಿಸಲು ನಾವಿಬ್ಬರೂ ಅಲೆದೆವು. ಇಷ್ಟು ವರ್ಷ ತಡವಾದದ್ದಕ್ಕೆ ಕೋರ್ಟಿನ ಆದೇಶ ಬೇಕು, ಅದಕ್ಕೆ ಸಾಕ್ಷಿ ಬೇಕು. ಅವರ ಅಪ್ಪ ಅವ್ವ, ಅವಳ ಗಂಡ ಎಲ್ಲರೂ ಆಗಲೇ ತೀರಿಕೊಂಡಿದ್ದರು. ತಮ್ಮ ಬರಲಿಲ್ಲ. ಓಣಿಯ ಹಿರಿಯರು, ‘ನಮ್ಗೇನು ನೆನಪಿಲ್ಲವ್ವ’ ಎಂದರು. ಪದಕ ಬರುವುದನ್ನು ಕಣ್ಣಾರೆ ಕಂಡವರಿಗೆ ನೆನಪಿಲ್ಲವಂತೆ! ಒಂದು ಮಧ್ಯಾಹ್ನ ಕೋರ್ಟಿನ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತ ಚಿಕ್ಕಮ್ಮ, ‘ಇನ್ನೊಂದಿಷ್ಟು ದಿನ ಓಡಾಡಾಣ ಬಿಡು, ಏನು ಕೆಲ್ಸ ಐತೆ ನಂಗೆ’ ಎಂದಳು.

ಅಷ್ಟು ದಿನ ಸಿಗಲಿಲ್ಲ. ಕಳೆದ ಮಳೆಗಾಲ ಜ್ವರವೆಂದು ಮಲಗಿದವಳು ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಸ್ಪತ್ರೆಯವರು ಆಧಾರ್ ಕೇಳಿದರು, ಮಗ ಕೊಟ್ಟ. ಅವಳು ಕೊನೆಯ ವರ್ಷಗಳಲ್ಲಿ ಅಲೆದಲೆದು ಬೇಡಿದ ಕಾಗದ, ಅಕ್ಕ ಸತ್ತಳೆಂಬ ಕಾಗದ, ಒಂದೇ ದಿನದಲ್ಲಿ ಸೀಲು ಸಹಿತ ಬಂತು. ಆದರೆ ಅದನ್ನು ಸಂಪಾದಿಸಲು ಇವಳು ಸಾಯಬೇಕಾಯಿತು. ದಾಖಲೆಯ ಪ್ರಕಾರ ಕಳೆದ ಮಳೆಗಾಲ ಸತ್ತವಳು ಅಕ್ಕ. ಚಿಕ್ಕಮ್ಮ ಸತ್ತೂ ಇಲ್ಲ, ಹುಟ್ಟಿ ಬಾಳಿದ್ದೂ ಇಲ್ಲ.

ಸಾವಿನ ನಂತರದ ಶಿವಗಣಾರಾಧನೆಯ ಕಾರ್ಡು ಬಂದಾಗ ನೋಡಿದೆ. ಅಕ್ಕನ ಹೆಸರು, ಚಿಕ್ಕಮ್ಮನ ಫೋಟೋ. ಆ ದಿನ ಊಟಕ್ಕೆ ಮೊದಲು ಕಾರ್ಡು ಹಿಡಿದು ಮಗನ ಮುಂದೆ ನಿಂತು, ‘ಯಾರ ಹೆಸರು ಹಾಕ್ಸೀಯಪ್ಪ ಇದು?’ ಎಂದೆ.

‘ಅವ್ವಂದು.’

‘ಯಾವ ಅವ್ವಂದು?’

‘ನಂಗೆ ಇದ್ದಿದ್ದೇ ಒಬ್ಬಾಕಿ, ಅಕ್ಕಾ’ ಎಂದು ಅವನು ಗೋಡೆಗೆ ಮುಖ ಮಾಡಿ ಅತ್ತ. ಅವನ ಅಳು ಸುಳ್ಳಲ್ಲ. ಆ ಒಬ್ಬಾಕಿ ಯಾರೆಂದು ಅವನಿಗೆ ಬೇಕಾಗಿರಲಿಲ್ಲ, ಅಷ್ಟೆ. ನಾನು ಊಟಕ್ಕೆ ಕೂರದೆ ಎದ್ದು ಬಂದೆ.

ಈ ಬರಹದಲ್ಲಿ ನಾನು ಅಕ್ಕತಂಗಿಯರ ಹೆಸರು ಬರೆದಿಲ್ಲ. ಬರೆದರೆ ನೀವು ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತೀರಿ. ಹೋಲಿಸಿದ್ದು ಸಾಕು. ಹೆಸರು ಬರೆಯಬೇಕಾದ ಜಾಗ ಬೇರೆ ಇದೆ.

ತಿಂಗಳು ಕಳೆದಿರಲಿಲ್ಲ, ತಮ್ಮ ಮತ್ತೆ ಬಂದ. ಈ ಸಲ ಸಹಿ ಹಾಕುವವನು ಮಗ. ‘ಮೃತ ನಮ್ಮ ತಾಯಿಯವರು’ ಎಂದು ಶುರುವಾಗಿ ಅದೇ ಉರುಫ್, ಅದೇ ಒಬ್ಬರೇ ಆಗಿರುತ್ತಾರೆ. ನಾನು ಆಗುವುದಿಲ್ಲ ಎಂದೆ. ಅವನು ವಾದ ಮಾಡಲೂ ಇಲ್ಲ, ನನ್ನ ಪಕ್ಕದ ಮೇಜಿಗೆ ಹೋದ. ಅಲ್ಲಿ ಟೈಪ್ ಮಾಡುವ ಹೆಣ್ಣುಮಗಳಿಗೆ ಆ ವಾಕ್ಯ ಕಲಿಸಿದವಳು ನಾನೇ. ಚಹಾ ಕುಡಿಯುವಷ್ಟರಲ್ಲಿ ಕಾಗದ ಹೊರಬಂತು.

ನಾನು ಕಂಪ್ಯೂಟರ್ ಮುಚ್ಚಿ ಹರಿಹರದ ಬಸ್ಸು ಹತ್ತಿದೆ. ತಾಲ್ಲೂಕು ಕಚೇರಿಯಲ್ಲಿ ವಂಶವೃಕ್ಷ ನೋಡುವ ಗುಮಾಸ್ತನ ಮುಂದೆ ತಕರಾರು ಅರ್ಜಿ ಇಟ್ಟೆ. ಸತ್ತ ಹೆಣ್ಣುಮಕ್ಕಳು ಇಬ್ಬರು, ಒಬ್ಬಳಲ್ಲ, ಎಂದಷ್ಟೇ ಅದರಲ್ಲಿತ್ತು. ಅವನು ಮೇಲಿಂದ ಕೆಳಗೆ ನೋಡಿದ.

‘ನೀವು ವಾರಸುದಾರ್ರೇನ್ರಿ?’

‘ಅಲ್ಲ.’

‘ರಕ್ತಸಂಬಂಧ?’

‘ಇಲ್ಲ. ಪಕ್ಕದ ಮನಿಯೋಳು.’

‘ಮತ್ತೆ ಯಾವ ಹಕ್ಕಿನ ಮ್ಯಾಲೆ ತಕರಾರ್ರಿ? ಇದು ನಿಲ್ಲಂಗಿಲ್ಲ, ವಾಪಸ್ ತಗೊಳ್ರಿ.’

‘ನಿಲ್ಲದಿದ್ರೆ ವಜಾ ಮಾಡ್ರಿ. ಆದ್ರೆ ಮೊದ್ಲು ತಗೊಂಡು ನಂಬರ್ ಹಾಕ್ರಿ. ಆಕಿ ಹೆಸರು ಹೇಳೋಳು ನಾನೊಬ್ಬಾಕಿ ಉಳ್ದೀನಿ. ತಗೊಳ್ಳೋತನಕ ನಾ ಹೋಗಂಗಿಲ್ಲ.’

ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ನಾನು ಕಿಟಕಿಯ ಸರಳು ಬಿಡಲಿಲ್ಲ. ಅವನು ನಿಟ್ಟುಸಿರು ಬಿಟ್ಟು ಸ್ವೀಕೃತಿಯ ಪುಸ್ತಕ ಎಳೆದುಕೊಂಡ.

‘ಮೃತರ ಹೆಸರು ಹೇಳ್ರಿ.’

ಚಿಕ್ಕಮ್ಮನ ಸ್ವಂತ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವನು ಬರೆದುಕೊಂಡು, ಪೆನ್ನು ಎತ್ತದೆ ಕೇಳಿದ.

‘ಉರುಫ್ ಏನಾರ ಐತೇನ್ರಿ?’

‘ಇಲ್ಲ’ ಎಂದೆ.